ದಿನಕ್ಕೊಂದೇ ಮೆಟ್ಟಿಲು

ಸಂಕಲ್ಪ ಮಾಡುವುದರಲ್ಲಿ ಅವರನ್ನು ಮೀರಿಸುವವರು ಆ ಬೀದಿಯಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಅದಕ್ಕೇ ಅಕ್ಕಪಕ್ಕದವರು ಅವರಿಗೆ ಸಂಕಲ್ಪರಾಯರು ಎಂದು ಹೆಸರಿಟ್ಟಿದ್ದರು. ಹೆತ್ತವರು ಇಟ್ಟ ಹೆಸರು ಕಚೇರಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಒಂದು ವರ್ಷ ಕೊಳಲು ಕಲಿಯುತ್ತೇನೆಂದು ಹೊರಟರು. ಮೂರನೆಯ ವಾರ ಆ ಕೊಳಲು ಬಚ್ಚಲುಮನೆಯ ಪರದೆಗೆ ಕೋಲಾಯಿತು. ಇನ್ನೊಂದು ವರ್ಷ ಹಜಾರದ ಗೋಡೆಗೆ ತಾವೇ ಬಣ್ಣ ಬಳಿಯುತ್ತೇನೆಂದರು. ಕೈ ಎಟುಕುವಷ್ಟು ಬಳಿದು, ಉಳಿದದ್ದು ಮುಂದಿನ ಭಾನುವಾರ ಅಂದರು. ಆ ಭಾನುವಾರ ಒಂಬತ್ತು ವರ್ಷದಿಂದ ಬಂದಿಲ್ಲ. ಮತ್ತೊಮ್ಮೆ ಒಂದು ಪರಭಾಷೆ ಕಲಿಯಲು ಕೂತು ಆರರವರೆಗೆ ಎಣಿಸಿ ಎದ್ದುಬಿಟ್ಟರು. ಆ ಭಾಷೆಯವರು ಏಳಕ್ಕೆ ಏನೆನ್ನುತ್ತಾರೋ ಅವರಿಗೆ ಇಂದಿಗೂ ಗೊತ್ತಿಲ್ಲ.

ಇಂಥವರನ್ನು ಮೆಚ್ಚಿ ಬರೆಯುವುದೇನಿದೆ ಎಂದು ನೀವು ಕೇಳಬಹುದು. ಸ್ವಲ್ಪ ತಾಳಿ.

ರಾಯರಿಗೆ ಒಬ್ಬಳೇ ಮಗಳು. ಓದು ಮುಗಿಸಿ ಹವಾಮಾನ ಇಲಾಖೆ ಸೇರಿದಳು. ಸೇರಿದ್ದೇ ತಡ, ಅವಳನ್ನು ಒಂದೂವರೆ ವರ್ಷದ ಮಟ್ಟಿಗೆ ಒಂದು ಗುಡ್ಡದ ತುದಿಯ ವೀಕ್ಷಣಾಲಯಕ್ಕೆ ಹಾಕಿದರು. ದಿನಕ್ಕೆ ನಾಲ್ಕು ಸಲ ಗಾಳಿ ಯಾವ ಕಡೆಯದು, ಬಿಸಿ ಎಷ್ಟು, ಮೋಡ ಎಂಥದು ಎಂದು ನೋಡಿ ಪುಸ್ತಕದಲ್ಲಿ ಬರೆಯುವುದು ಅವಳ ಕೆಲಸ. ಆ ಗುಡ್ಡಕ್ಕೆ ರಸ್ತೆಯಿಲ್ಲ, ಗಾಡಿಯಿಲ್ಲ. ಇರುವುದು ಮುನ್ನೂರ ಹನ್ನೆರಡು ಕಲ್ಲಿನ ಮೆಟ್ಟಿಲು.

ಅವಳು ಹೋಗಿ ಎರಡು ತಿಂಗಳಾದ ಮೇಲೆ ಗಂಡಹೆಂಡತಿ ನೋಡಲು ಹೋದರು. ದಾರಿಯುದ್ದಕ್ಕೂ ರಾಯರು ಬಸ್ಸಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ, "ನನ್ನ ಮಗಳು ಮೋಡದ ಪಕ್ಕ ಕೂತು ಕೆಲಸ ಮಾಡ್ತಾಳೆ" ಎಂದು ಹೇಳಿದರು. ಮುಂದಿನ ಸೀಟಿನ ಮುದುಕರಿಗೆ ಎರಡು ಸಲ ಹೇಳಿದರು. ಬಸ್ಸಿಳಿದು ಮೆಟ್ಟಿಲು ಹತ್ತತೊಡಗಿದರು. ನಲವತ್ತೊಂದನೆಯದರ ಮೇಲೆ ಕೂತವರು ಮತ್ತೆ ಏಳಲಿಲ್ಲ. ಎದೆ ಢವಢವ, ಮೊಣಕಾಲು ಗಡಗಡ. ಹೆಂಡತಿ ಸ್ವಲ್ಪ ಹೊತ್ತು ಸೆರಗಿನಿಂದ ಗಾಳಿ ಹಾಕಿ, ಬೇಸತ್ತು, ತಾನೊಬ್ಬಳೇ ಹತ್ತಿ ಹೋದಳು. ಆಮೇಲೆ ಮಗಳು ಮೇಲಿನಿಂದ ಫ್ಲಾಸ್ಕಿನಲ್ಲಿ ಚಹಾ ತಂದಳು.

"ಪರವಾಗಿಲ್ಲಪ್ಪಾ, ನಾನೇ ಬಂದ್ನಲ್ಲ. ನೀವು ಆರಾಮಾಗಿ ಕೂತಿರಿ" ಅಂದಳು.

ಬೈದಿದ್ದರೆ ರಾಯರು ಮರೆತುಬಿಡುತ್ತಿದ್ದರು. ಆ 'ಪರವಾಗಿಲ್ಲ' ಮಾತ್ರ ನೆಟ್ಟಗೆ ಒಳಗಿಳಿದು ಚುಚ್ಚಿತು. ಮನೆಗೆ ಬಂದ ಮೇಲೆ ಕಷ್ಟ ಇನ್ನೂ ಹೆಚ್ಚಾಯಿತು. ಹೆಂಡತಿ ಸಂಜೆಯಾದರೆ ಬಾಗಿಲಲ್ಲಿ ಕೂತು, ಮಗಳ ಮೇಜು ಎಂಥದು, ಕಿಟಕಿಯಿಂದ ಏನೇನು ಕಾಣುತ್ತದೆ, ಗಾಳಿ ಅಳೆಯುವ ಬಟ್ಟಲುಗಳು ಹೇಗೆ ಗಿರಗಿರ ತಿರುಗುತ್ತವೆ ಎಂದು ಬೀದಿಗೆಲ್ಲ ವರ್ಣಿಸುತ್ತಿದ್ದಳು. ಮಗಳ ಮೇಜಿಗೆ ಎಷ್ಟು ಡ್ರಾಯರುಗಳಿವೆ ಎಂಬುದು ಎದುರುಮನೆಯವರಿಗೆ ಗೊತ್ತಿತ್ತು, ಹೆತ್ತ ತಂದೆಗೆ ಗೊತ್ತಿರಲಿಲ್ಲ. ರಾಯರಿಗೆ ಅಳು ಬರುವಷ್ಟು ಸಂಕಟವಾಯಿತು.

ಒಂದು ದಿನ ಊಟಕ್ಕೆ ಕೂತಾಗ ಘೋಷಿಸಿಯೇಬಿಟ್ಟರು: "ಅವಳಿಗೆ ಅಲ್ಲಿಂದ ವರ್ಗ ಆಗೋದ್ರೊಳಗೆ ನಾನು ಆ ಗುಡ್ಡ ಹತ್ತಿ, ಅವಳು ಕೂರೋ ಕುರ್ಚಿ ಕಣ್ಣಾರೆ ನೋಡ್ತೀನಿ."

ಹೆಂಡತಿ ತಟ್ಟೆಯಿಂದ ತಲೆಯೆತ್ತಲಿಲ್ಲ. "ಕುರ್ಚಿದೊಂದು ಫೋಟೋ ಕಳಿಸೋಕೆ ಹೇಳ್ತೀನಿ ಬಿಡಿ" ಅಂದಳು.

ಸುದ್ದಿ ಭಾವಮೈದುನನ ಕಿವಿಗೆ ಬಿತ್ತು. ಅವನದೊಂದು ಚಪ್ಪಲಿ ಅಂಗಡಿ. ಕಾಲಿಗೆ ಸಂಬಂಧಪಟ್ಟ ಸಮಸ್ತ ವಿಷಯಗಳಲ್ಲೂ ತನ್ನದೇ ಕೊನೆಯ ಮಾತು ಎಂದು ಅವನ ನಂಬಿಕೆ. ಓಡುವವರ ಬೂಟು ಒಂದು ಜೊತೆ ಹಿಡಿದುಕೊಂಡು ಬಂದ. "ಭಾವಾ, ಗುರಿ ದೊಡ್ಡದಿದ್ರೆ ಹೆಜ್ಜೆನೂ ದೊಡ್ಡದಿರ್ಬೇಕು. ನಾಳೆ ಬೆಳಿಗ್ಗೆ ಐದು ಮೈಲಿ ಓಡಿ. ಉಸಿರಾಟದ ಬಗ್ಗೆ ಆಮೇಲೆ ಯೋಚಿಸೋಣ" ಅಂದ.

ಮರುದಿನ ರಾಯರು ಓಡಿದರು. ಬೀದಿಯ ತಿರುವಿನವರೆಗೆ ಓಡಿದ್ದನ್ನು ಹಲವರು ನೋಡಿದ್ದಾರೆ. ತಿರುವಿನಾಚೆ ಏನಾಯಿತೋ ಯಾರೂ ನೋಡಲಿಲ್ಲ. ಅರ್ಧ ಗಂಟೆಯ ನಂತರ ಅವರು ತರಕಾರಿ ಗಾಡಿಯಲ್ಲಿ ಎಲೆಕೋಸಿನ ನಡುವೆ ಕೂತು ವಾಪಸಾದರು. ಒಂಬತ್ತು ದಿನ ಹಾಸಿಗೆ ಹಿಡಿದರು. ಮನುಷ್ಯನ ದೇಹದಲ್ಲಿ ಇಷ್ಟೊಂದು ಕೀಲುಗಳಿವೆ ಎಂದು ಅಲ್ಲಿಯವರೆಗೆ ಅವರಿಗೆ ತಿಳಿದಿರಲಿಲ್ಲ. ಭಾವಮೈದುನ ಬಂದು ನೋಡಿ, ತಪ್ಪು ಬೂಟಿನದಲ್ಲ ಎಂದು ತೀರ್ಪು ಕೊಟ್ಟು ಹೋದ.

ಹತ್ತನೆಯ ದಿನ ಕುಂಟುತ್ತ ಕಚೇರಿಗೆ ಹೋದರು. ಅದು ಏಳು ಮಹಡಿಯ ಸರ್ಕಾರಿ ಕಟ್ಟಡ, ಇದ್ದದ್ದು ಒಂದೇ ಲಿಫ್ಟ್. ರಾಯರು ಏಳನೆಯ ಮಹಡಿಯ ದಾಖಲೆ ಕೊಠಡಿಯ ಗುಮಾಸ್ತರು. ಲಿಫ್ಟಿನ ಮುಂದೆ ಎಂದಿನಂತೆ ಜನ ತುಂಬಿದ್ದರು. ರಾಯರು ಕುಳ್ಳರು. ಲಿಫ್ಟ್ ಎಲ್ಲಿದೆ ಎಂದು ನೋಡಲು, ಪಕ್ಕದಲ್ಲೇ ಇದ್ದ ಮಹಡಿ ಮೆಟ್ಟಿಲಿನ ಮೊದಲನೆಯದನ್ನು ಹತ್ತಿ ನಿಂತರು. ಲಿಫ್ಟ್ ಐದರಲ್ಲಿತ್ತು. ಇಳಿದರು. ಆಗ ಅವರಿಗೊಂದು ವಿಚಿತ್ರ ಹೊಳೆಯಿತು: ನೋವಾಗಲಿಲ್ಲ. ಒಂಬತ್ತು ದಿನದಿಂದ ಮಗ್ಗುಲು ಹೊರಳಿದರೂ ಅಯ್ಯೋ ಅನ್ನುತ್ತಿದ್ದ ದೇಹ ಒಂದು ಮೆಟ್ಟಿಲಿಗೆ ತಕರಾರು ಮಾಡಲಿಲ್ಲ. ದೇಹಕ್ಕೆ ಬಹುಶಃ ಗೊತ್ತೇ ಆಗಿರಲಿಲ್ಲ.

"ಹಾಗಾದ್ರೆ ಹೀಗೇ ಮಾಡ್ಬೇಕು, ಅದಕ್ಕೆ ಗೊತ್ತಾಗದ ಹಾಗೆ" ಅಂದುಕೊಂಡರು ರಾಯರು.

ಮರುದಿನ ಎರಡು ಹತ್ತಿ ಇಳಿದು ಲಿಫ್ಟ್ ಹಿಡಿದರು. ಅದರ ಮರುದಿನ ಮೂರು. ನಿನ್ನೆಗಿಂತ ಒಂದು ಹೆಚ್ಚು, ಒಂದೇ ಹೆಚ್ಚು. ಉತ್ಸಾಹ ಬಂತೆಂದು ಎರಡಿಲ್ಲ, ಮಳೆ ಬಂತೆಂದು ಸೊನ್ನೆಯಿಲ್ಲ. ಆದರೆ ಮರೆವಿನ ಮನುಷ್ಯ. ಆರನೆಯ ದಿನ ನಿನ್ನೆ ಎಷ್ಟಕ್ಕೆ ನಿಲ್ಲಿಸಿದ್ದೆನೆಂದು ಗೊಂದಲವಾಯಿತು. ಗುರುತು ಹಾಕಿಕೊಳ್ಳೋಣವೆಂದು ಜೇಬಿಗೆ ಕೈಹಾಕಿದರು. ಕೈಗೆ ಸಿಕ್ಕಿದ್ದು ಕೊಠಡಿಯ ಕೆಂಪು ಸೀಮೆಸುಣ್ಣ. ಮೆಟ್ಟಿಲಿನ ಅಂಚಿಗೊಂದು ಗೆರೆ ಎಳೆದರು. ಇಪ್ಪತ್ತಾರು ವರ್ಷದ ಅಭ್ಯಾಸ, ಕೈ ಸುಮ್ಮನಿರಲಿಲ್ಲ. ಗೆರೆಯ ಪಕ್ಕ ತಾರೀಖು ಬರೆದು ಚಿಕ್ಕ ಸಹಿಯನ್ನೂ ಹಾಕಿತು.

ಇಲ್ಲಿ ಓದುಗರಿಗೆ ಒಂದು ಸಂಗತಿ ತಿಳಿಸಲೇಬೇಕು. ಆ ಕಚೇರಿಯಲ್ಲಿ ಕೆಂಪು ಗೆರೆಗೆ ಒಂದೇ ಅರ್ಥ. ದಾಖಲೆ ಕೊಠಡಿಯಲ್ಲಿ ಯಾವ ಹಳೆಯ ಕಟ್ಟು ಇನ್ನು ಬೇಡವೋ ಅದಕ್ಕೆ ಕೆಂಪು ಗೆರೆ ಎಳೆದು, ತಾರೀಖು ಹಾಕಿ, ಸಹಿ ಮಾಡುತ್ತಾರೆ. ಗೆರೆ ಬಿದ್ದದ್ದು ವರ್ಷದೊಳಗೆ ರದ್ದಿಗೆ ಹೋಗುತ್ತದೆ. ಆ ಗೆರೆಯನ್ನು ಅಳಿಸಿದವರ ಕೆಲಸವೂ ಹೋಗುತ್ತದೆ. ಹಾಗಾಗಿ ಗುಡಿಸುವವಳು ಅದರ ಸುತ್ತ ಗುಡಿಸಿದಳೇ ಹೊರತು ಗೆರೆ ಮುಟ್ಟಲಿಲ್ಲ. ಮರುದಿನ ಒಂದು ಮೆಟ್ಟಿಲು ಮೇಲೆ ಇನ್ನೊಂದು ಗೆರೆ ಬಿತ್ತು. ಅದರ ಮರುದಿನ ಮತ್ತೊಂದು.

ಮೊದಲು ಕಂಡದ್ದು ಲಿಫ್ಟಿನವನಿಗೆ. ಅವನು ಮಹಡಿ ಮಹಡಿಗೂ ಸುದ್ದಿ ಇಳಿಸುತ್ತ ಹೋದ. "ಮೆಟ್ಟಿಲು ರದ್ದಿಗೆ ಹಾಕ್ತಿದಾರಂತೆ. ದಾಖಲೆ ಕೊಠಡಿಯವರೇ ಖುದ್ದಾಗಿ ಬಂದು ಗೆರೆ ಎಳೀತಿದಾರೆ, ದಿನಕ್ಕೆ ಒಂದು." ಮೆಟ್ಟಿಲಿಲ್ಲದ ಮಹಡಿ ಹೇಗಿದ್ದೀತು? ಆದ್ದರಿಂದ ಮಹಡಿಗಳೂ ಒಂದೊಂದಾಗಿ ಹೋಗುತ್ತವೆ ಎಂದು ಬುದ್ಧಿವಂತರು ತರ್ಕ ಮಾಡಿದರು. ರಾಯರನ್ನೇ ಕೇಳಬಹುದಿತ್ತಲ್ಲ ಎಂದರೆ, ಕಚೇರಿಯ ರೀತಿನೀತಿ ನಿಮಗೆ ಗೊತ್ತಿಲ್ಲ ಎಂದಾಯಿತು. ಕೇಳಿದವನಿಗೆ ವಿಷಯ ಗೊತ್ತಿದೆ ಎಂದಾಗುತ್ತದೆ. ಗೊತ್ತಿದ್ದವನೇ ನಾಳೆ ಉತ್ತರ ಕೊಡಬೇಕಾಗುತ್ತದೆ. ಅದಕ್ಕೇ ಯಾರೂ ಕೇಳಲಿಲ್ಲ. ಬದಲಿಗೆ ಎಲ್ಲರೂ ರಾಯರಿಗೆ ನಮಸ್ಕಾರ ಹೇಳತೊಡಗಿದರು. ಕಾಯಿಲೆಯಿಂದ ಎದ್ದು ಬಂದಿದ್ದೇನಲ್ಲ, ಪಾಪ ಒಳ್ಳೆಯ ಜನ ಎಂದುಕೊಂಡರು ರಾಯರು.

ಒಂದೊಂದು ಮಹಡಿಗೂ ಇಪ್ಪತ್ತೆರಡು ಮೆಟ್ಟಿಲು. ಗೆರೆ ಇಪ್ಪತ್ತಕ್ಕೆ ಬಂದ ದಿನ ಮೊದಲ ಮಹಡಿಯ ಮೇಡಂ ತಡೆಯಲಾರದೆ ಮೆಟ್ಟಿಲ ಬಳಿ ಬಂದು ನಿಂತರು. ಜನರ ಅರ್ಜಿಗಳಿಗೆ ಉತ್ತರ ಬರೆಯುವ ವಿಭಾಗ ಅವರದು.

"ಎಲ್ಲೀತನಕ ಬಂತು ನಿಮ್ಮ ಕೆಲಸ?" ಎಂದು ಮೆಲ್ಲಗೆ ವಿಚಾರಿಸಿದರು.

"ಇಪ್ಪತ್ತಕ್ಕೆ ಬಂದಿದೆ ಮೇಡಂ. ನಾಡಿದ್ದು ನಿಮ್ಮ ಮಹಡಿ."

ಮೇಡಂ ಗೋಡೆ ಹಿಡಿದುಕೊಂಡರು. "ಇಷ್ಟು ಬೇಗಾನಾ? ಸ್ವಲ್ಪ ನಿಧಾನ ಮಾಡೋಕಾಗಲ್ವಾ?"

"ದಿನಕ್ಕೆ ಒಂದೇ ಮೇಡಂ. ಇದಕ್ಕಿಂತ ನಿಧಾನ ಎಲ್ಲಿಂದ ತರ್ಲಿ?"

"ಅಲ್ಲ, ನಮ್ಮ ಮಹಡೀನ ಬಿಟ್ಟು ಮುಂದಕ್ಕೆ ಹೋಗೋ ಹಾಗೇನಾದ್ರೂ..."

"ಮಧ್ಯ ಒಂದನ್ನ ಬಿಟ್ಟು ಹಾರೋಕಾಗುತ್ತಾ ಮೇಡಂ?" ಎಂದು ರಾಯರು ನಕ್ಕರು. "ಮೇಲಿನವರೆಗೂ ಹೋಗ್ಲೇಬೇಕು. ಈ ಸಲ ನಡುವೆ ನಿಲ್ಸಿದ್ರೆ ನಾನು ಮನೇಲಿ ತಲೆ ಎತ್ತೋ ಹಾಗಿಲ್ಲ."

ಆ ನಗು ನೋಡಿ ಮೇಡಂಗೆ ಮೈ ಜುಮ್ಮೆಂದಿತು. ವಿಭಾಗಕ್ಕೆ ಹೋದವರೇ ಎಲ್ಲರನ್ನೂ ಕೂರಿಸಿಕೊಂಡು, ಕೆಲಸ ಬಾಕಿಯಿಲ್ಲದ ಮಹಡಿಯನ್ನು ಯಾರೂ ಮುಚ್ಚುವುದಿಲ್ಲ, ಇವತ್ತಿನಿಂದ ತಲೆಗೆ ದಿನಕ್ಕೆ ಹತ್ತು ಉತ್ತರ ಹೋಗಬೇಕು ಎಂದು ಕಟ್ಟಪ್ಪಣೆ ಮಾಡಿದರು. ಹನ್ನೊಂದು ವರ್ಷದ ಅರ್ಜಿಗಳು ಕಪಾಟಿನಿಂದ ಹೊರಬಂದವು. ಬೀದಿದೀಪ ಕೇಳಿ ಸಾಕಾಗಿ ಊರೇ ಬಿಟ್ಟುಹೋದವರೊಬ್ಬರಿಗೆ ಹೊಸ ವಿಳಾಸ ಹುಡುಕಿ ದೀಪ ಮಂಜೂರಾಗಿದೆ ಎಂಬ ಪತ್ರ ಹೋಯಿತು. ಮಗನನ್ನು ಶಾಲೆಗೆ ಸೇರಿಸಲು ಜನನಪತ್ರ ಕೇಳಿದ್ದ ತಾಯಿಗೆ ಅದು ತಲುಪಿದಾಗ ಮಗ ಗಡ್ಡ ಬೋಳಿಸಿಕೊಳ್ಳುತ್ತಿದ್ದನಂತೆ. ಇದೇ ಕಥೆ ಎರಡನೆಯ ಮಹಡಿಯಲ್ಲಿ, ಆಮೇಲೆ ಮೂರನೆಯದರಲ್ಲಿ ಆಯಿತು. ಕೆಂಪು ಗೆರೆ ಹತ್ತಿರ ಬಂದಂತೆಲ್ಲ ಮಹಡಿಗಳು ಒಂದೊಂದಾಗಿ ಎಚ್ಚರಗೊಂಡವು. ರಾಯರಿಗೆ ಇದರ ಗಾಳಿಯೂ ಸೋಕಲಿಲ್ಲ. ಜನ ಗೆರೆ ಬಿದ್ದ ಮೆಟ್ಟಿಲಿನ ಮೇಲೆ ಕಾಲಿಡಲು ಹೆದರಿ ಲಿಫ್ಟಿಗೇ ಮುಗಿಬೀಳುತ್ತಿದ್ದರು. ಮೆಟ್ಟಿಲು ಪೂರ್ತಿ ರಾಯರೊಬ್ಬರದೇ ಆಗಿತ್ತು. ಎಂಬತ್ತು ಹತ್ತಿದರೂ ಉಸಿರು ಏರುತ್ತಿರಲಿಲ್ಲ. ಪ್ಯಾಂಟಿನ ಸಡಿಲವಾದ ಸೊಂಟಕ್ಕೆ ಹೆಂಡತಿ ಎರಡು ಸಲ ಹೊಲಿಗೆ ಹಾಕಿಕೊಟ್ಟಳು.

ಇತ್ತ ಕಟ್ಟಡದ ಮೇಲ್ವಿಚಾರಕ ಕಂಗಾಲಾಗಿದ್ದ. ಮೆಟ್ಟಿಲು ತನ್ನ ಸುಪರ್ದಿಯದು, ರದ್ದು ಮಾಡುವ ಆದೇಶ ತನಗೇ ಬಂದಿಲ್ಲ. ಬಂದಿದ್ದು ಕಳೆದುಹೋಗಿದೆಯೋ ಏನೋ. ಹಾಗೇನಾದರೂ ಆಗಿದ್ದರೆ ತಪ್ಪು ತನ್ನ ಮೇಲೆ ಬರದಿರಲೆಂದು 'ಮೆಟ್ಟಿಲುಗಳ ಮೇಲೆ ಕಂಡುಬಂದಿರುವ ಕೆಂಪು ಗೆರೆಗಳ ಬಗ್ಗೆ' ಎಂದು ಒಂದು ಕಡತ ತೆರೆದ. ಕಡತವೂ ಕೆಳಗಿನಿಂದ ಮೇಲಕ್ಕೆ ಹೊರಟಿತು. ಮೊದಲ ಮಹಡಿಯಲ್ಲಿ ಕಡತ ರಾಯರಿಗಿಂತ ಮುಂದಿತ್ತು. ಎರಡನೆಯದರಲ್ಲಿ ಇಬ್ಬರೂ ಸಮಸಮ. ಮೂರನೆಯ ಮಹಡಿಯಲ್ಲಿ ಯಾರೋ ಷರಾ ಬರೆಯಲು ಕನ್ನಡಕ ಹುಡುಕುತ್ತಿದ್ದಾಗ, ದಿನಕ್ಕೊಂದೇ ಮೆಟ್ಟಿಲು ಹತ್ತುವ ಮನುಷ್ಯ ಕಡತವನ್ನು ಹಿಂದೆ ಹಾಕಿಬಿಟ್ಟರು. ಸರ್ಕಾರದ ಚರಿತ್ರೆಯಲ್ಲಿ ಇದೇನು ದೊಡ್ಡ ವಿಷಯವಲ್ಲ ಎನ್ನುವವರು ಒಮ್ಮೆ ಕಡತದ ಹಿಂದೆ ಅಲೆದು ನೋಡಲಿ.

ಆರನೆಯ ಮಹಡಿಯಲ್ಲಿ ದೊಡ್ಡ ಸಾಹೇಬರ ಕೊಠಡಿ. ಗೆರೆ ನೂರ ಮೂವತ್ತೊಂದನೆಯ ಮೆಟ್ಟಿಲಿಗೆ, ಅಂದರೆ ಅವರ ಬಾಗಿಲಿಗೆ ಒಂದೇ ಮೆಟ್ಟಿಲು ಕೆಳಗೆ ಬಂದ ದಿನ ಅವರು ಅದನ್ನು ಕಂಡರು. ಕಂಡು ಬೆವತರು. ತಮಗೆ ತಿಳಿಸದೆ ತಮ್ಮ ಕೊಠಡಿಯನ್ನೇ ರದ್ದು ಮಾಡುತ್ತಿದ್ದಾರೆ ಎಂದರೆ ಇದು ಎಷ್ಟು ಮೇಲಿನಿಂದ ಬಂದದ್ದಿರಬೇಕು. ಕೂಡಲೇ ಮೆಟ್ಟಿಲಿಗೆ ಹಗ್ಗ ಕಟ್ಟಿಸಿದರು. 'ತನಿಖೆ ಮುಗಿಯುವವರೆಗೆ ಹತ್ತುವಂತಿಲ್ಲ' ಎಂಬ ಫಲಕ ತೂಗುಹಾಕಿಸಿದರು. ಮೂರನೆಯ ಮಹಡಿಯಲ್ಲಿದ್ದ ಕಡತವನ್ನು ತರಲು ಹೇಳಿದರು. ಮೆಟ್ಟಿಲು ಮುಚ್ಚಿದ್ದರಿಂದ ಕಡತ ಲಿಫ್ಟಿನಲ್ಲೇ ಬರಬೇಕಾಯಿತು. ಲಿಫ್ಟಿನಲ್ಲಿ ಜಾಗವಿರಲಿಲ್ಲ. ಮೂರು ಮಹಡಿ ಏರಲು ಅದಕ್ಕೆ ಇಪ್ಪತ್ತು ದಿನ ಹಿಡಿಯಿತು.

ಆ ಇಪ್ಪತ್ತು ದಿನ ರಾಯರು ನೀರಿನಿಂದ ತೆಗೆದ ಮೀನಾದರು. ಮಗಳ ವರ್ಗಕ್ಕೆ ಉಳಿದ ತಿಂಗಳುಗಳನ್ನು ಬೆರಳು ಮಡಿಸಿ ಎಣಿಸುವರು, ಮತ್ತೆ ಎಣಿಸುವರು. ಮುಂದಕ್ಕೆ ಹೋಗಲಾಗದಿದ್ದರೂ ಹಿಂದಕ್ಕೆ ಜಾರಬಾರದು ಎಂದು ಕೊನೆಗೆ ಮನೆಯ ಬಾಗಿಲಿನ ಒಂದೇ ಮೆಟ್ಟಿಲನ್ನು ದಿನವೂ ನೂರ ಮೂವತ್ತೊಂದು ಸಲ ಹತ್ತಿ ಇಳಿಯತೊಡಗಿದರು. ಮೂರು ದಿನ ನೋಡಿ ಎದುರುಮನೆಯಾಕೆ ರಾಯರ ಹೆಂಡತಿಯನ್ನು ಪಕ್ಕಕ್ಕೆ ಕರೆದಳು.

"ನಿಮ್ಮಿಬ್ಬರ ಮಧ್ಯೆ ಏನಾದ್ರೂ ಮಾತಿಗೆ ಮಾತು ಬೆಳೀತಾ? ಯಜಮಾನ್ರು ದಿನಾ ನೂರು ಸಲ ಮನೆ ಬಿಟ್ಟು ಹೋಗಿ ನೂರು ಸಲ ವಾಪಸ್ ಬರ್ತಿದಾರಲ್ಲ."

"ನೂರಲ್ಲ, ನೂರ ಮೂವತ್ತೊಂದು ಸಲ" ಅಂದಳು ಹೆಂಡತಿ.

ಒಳಗಿದ್ದ ರಾಯರಿಗೆ ಅದು ಕೇಳಿಸಿತು. ಇವಳು ಎಣಿಸುತ್ತಿದ್ದಾಳೆ ಎಂದು ಅವರಿಗೆ ಆಗಲೇ ತಿಳಿದದ್ದು.

ಕಡತ ಆರನೆಯ ಮಹಡಿ ತಲುಪಿದ ದಿನ ವಿಚಾರಣೆಯಾಯಿತು. ದೊಡ್ಡ ಸಾಹೇಬರು, ಮೊದಲ ಮಹಡಿಯ ಮೇಡಂ, ಬರೆದುಕೊಳ್ಳಲು ಮೇಲ್ವಿಚಾರಕ.

"ಈ ಸಹಿ ನಿಮ್ಮದೇನ್ರಿ?"

"ನಂದೇ ಸಾರ್."

"ಈ ಮೆಟ್ಟಿಲುಗಳನ್ನ ರದ್ದಿಗೆ ಹಾಕೋಕೆ ನಿಮಗೆ ಹೇಳಿದ್ದು ಯಾರು?"

ರಾಯರು ಕಣ್ಣು ಕಣ್ಣು ಬಿಟ್ಟರು. "ಮೆಟ್ಟಿಲನ್ನ ರದ್ದಿಗಾ? ಸಾರ್, ಅದು ನಾನು ಎಲ್ಲೀವರೆಗೆ ಹತ್ತಿದೀನಿ ಅನ್ನೋ ಗುರುತು."

"ನೀವ್ಯಾಕೆ ಹತ್ತಿದ್ರಿ? ಲಿಫ್ಟ್ ಇದೆಯಲ್ಲ."

"ಗುಡ್ಡಕ್ಕೆ ಲಿಫ್ಟ್ ಇಲ್ವಲ್ಲ ಸಾರ್."

ಸಾಹೇಬರು ಮೇಲ್ವಿಚಾರಕನ ಮುಖ ನೋಡಿದರು. ಅವನು 'ಇದರಲ್ಲಿ ಗುಡ್ಡವೂ ಸೇರಿದೆ' ಎಂದು ಬರೆದುಕೊಂಡ.

ರಾಯರು ಎಲ್ಲವನ್ನೂ ಹೇಳಿದರು. ನಲವತ್ತೊಂದನೆಯ ಮೆಟ್ಟಿಲು, ಫ್ಲಾಸ್ಕು, 'ಪರವಾಗಿಲ್ಲ', ಎಲೆಕೋಸು, ಒಂದನ್ನೂ ಬಿಡಲಿಲ್ಲ. ಕೇಳುತ್ತ ಕೇಳುತ್ತ ಮೇಡಂ ಮುಖ ಕೆಂಪಾಯಿತು, ಬಿಳಿಚಿತು, ಮತ್ತೆ ಕೆಂಪಾಯಿತು. ಇದಕ್ಕಾಗಿ ಅವರ ವಿಭಾಗ ಹನ್ನೊಂದು ವರ್ಷದ ಅರ್ಜಿಗಳನ್ನು ವಿಲೇವಾರಿ ಮಾಡಿತ್ತು. ಸಾಹೇಬರು ಮಾತ್ರ ನಂಬಲಿಲ್ಲ. ಸಂಬಳ ಪಡೆಯುವ ಮನುಷ್ಯ ಯಾರೂ ಹೇಳದೆ ಮೆಟ್ಟಿಲು ಹತ್ತುತ್ತಾನೆ ಎಂಬುದು ಅವರ ಮೂವತ್ತು ವರ್ಷದ ಅನುಭವಕ್ಕೆ ಮೀರಿದ ಮಾತು.

"ಹತ್ತಿ ತೋರ್ಸಿ. ನಾವೂ ಬರ್ತೀವಿ" ಅಂದರು.

ಎಲ್ಲರೂ ಲಿಫ್ಟಿನಲ್ಲಿ ಕೆಳಗಿಳಿದರು. ಹಗ್ಗ ಬಿಚ್ಚಿದರು. ರಾಯರು ಹತ್ತತೊಡಗಿದರು, ವಿಚಾರಣಾ ಸಮಿತಿ ಬೆನ್ನ ಹಿಂದೆ. ಮೊದಲ ಮಹಡಿ ಬಂದಾಗ ಮೇಡಂ ತಮ್ಮ ವಿಭಾಗದಲ್ಲಿ ಅರ್ಜೆಂಟ್ ಕೆಲಸವಿದೆ ಎಂದು ಒಳಗೆ ಹೋದರು. ಎರಡನೆಯದರಲ್ಲಿ ಮೇಲ್ವಿಚಾರಕ ಪೆನ್ನಿನಲ್ಲಿ ಮಸಿ ಮುಗಿಯಿತೆಂದ. ಮೂರನೆಯದರಲ್ಲಿ ಸಾಹೇಬರು ಕಿಟಕಿಯ ಹೊರಗಿನ ದೃಶ್ಯ ನೋಡುವವರ ಹಾಗೆ ನಿಂತು, ಬಹಳ ಹೊತ್ತು ನೋಡಿ, ಅಲ್ಲೇ ಮೆಟ್ಟಿಲಿನ ಮೇಲೆ ಕುಸಿದರು. ರಾಯರ ಹೆಜ್ಜೆಯ ಸದ್ದು ಮೇಲೆ ಹೋಗುತ್ತಲೇ ಇತ್ತು, ಗಡಿಯಾರದ ಹಾಗೆ. ಆಮೇಲೆ ನಿಂತಿತು. ಆಮೇಲೆ ಇಳಿದು ಬರತೊಡಗಿತು.

"ನಿಮ್ಮ ಕೊಠಡಿ ಏಳನೇ ಮಹಡೀಲಲ್ವೇನ್ರಿ?" ಸಾಹೇಬರು ಏದುಸಿರಿನಲ್ಲಿ ಕೇಳಿದರು. "ಆರಕ್ಕೇ ಯಾಕೆ ಇಳಿದ್ರಿ? ಸುಸ್ತಾಯ್ತಾ?"

"ಇಲ್ಲ ಸಾರ್. ಇವತ್ತಿಗೆ ನೂರ ಮೂವತ್ತೆರಡೇ."

ಸಾಹೇಬರು ಅವರ ಮುಖವನ್ನೇ ನೋಡಿದರು. ಅಷ್ಟು ಹತ್ತಿಯೂ ಆ ಮುಖದಲ್ಲಿ ಒಂದು ಹನಿ ಬೆವರಿರಲಿಲ್ಲ. ಒಂದು ಕೈ ಚಾಚಿದರು, ರಾಯರು ಹಿಡಿದೆಬ್ಬಿಸಿದರು. ಅಂದು ಸಂಜೆ ಕಡತದ ಕೊನೆಯ ಹಾಳೆಯಲ್ಲಿ ಆದೇಶ ಬಂತು: 'ಪರಿಶೀಲಿಸಲಾಗಿ, ಮೆಟ್ಟಿಲುಗಳು ಹತ್ತುವುದಕ್ಕಾಗಿ ಇವೆ ಎಂದು ಕಂಡುಬಂದಿದೆ. ಕಡತವನ್ನು ಮುಕ್ತಾಯಗೊಳಿಸುವುದು.' ಮಹಡಿಗಳು ಮತ್ತೆ ನಿದ್ದೆಹೋಗುತ್ತವೆ ಎಂದು ಲಿಫ್ಟಿನವನು ಭವಿಷ್ಯ ನುಡಿದ. ಆದರೆ ಮೇಡಂ, "ಈಗ ದಿನಕ್ಕೆ ಹತ್ತು ಉತ್ತರ ಬರೀದಿದ್ರೆ ನಂಗೆ ಮಧ್ಯಾಹ್ನದ ಊಟವೇ ಸೇರಲ್ಲ" ಅಂದರು. ಒಂದು ವಾರದ ನಂತರ ಕೆಳಗಿನ ಎರಡನೆಯ ಮೆಟ್ಟಿಲಿನಲ್ಲಿ ಒಂದು ನೀಲಿ ಗೆರೆ ಕಂಡಿತು. ನೀಲಿ ಸೀಮೆಸುಣ್ಣ ಇದ್ದದ್ದು ಆರನೆಯ ಮಹಡಿಯಲ್ಲಿ ಮಾತ್ರ. ಯಾರದೆಂದು ಯಾರೂ ಕೇಳಲಿಲ್ಲ.

ನೂರ ಐವತ್ತನಾಲ್ಕಕ್ಕೆ ಕಟ್ಟಡ ಮುಗಿಯಿತು. ರಾಯರು ಲಿಫ್ಟಿನಲ್ಲಿ ಇಳಿದು ಮತ್ತೆ ಮೊದಲನೆಯದರಿಂದ ಶುರುಮಾಡಿ ನೂರ ಐವತ್ತೈದು ಎಂದರು. ಇನ್ನೂರು ದಾಟಿತು, ಇನ್ನೂರ ಐವತ್ತು ದಾಟಿತು. ಲೆಕ್ಕ ಸರಿಯಾಗಿ ಹೊಂದುತ್ತಿತ್ತು. ಇನ್ನೂರ ತೊಂಬತ್ತಾರನೆಯ ದಿನ, ಒಂದು ಶುಕ್ರವಾರ, ಮಗಳ ಫೋನು ಬಂತು.

"ಅಪ್ಪಾ, ವರ್ಗದ ಆದೇಶ ತಿಂಗಳು ಮುಂಚೇನೇ ಬಂದ್ಬಿಡ್ತು. ಸೋಮವಾರ ಬೇರೆಯವರು ಬರ್ತಾರೆ."

ಶನಿವಾರ ಬೆಳಿಗ್ಗೆ ಗಂಡಹೆಂಡತಿ ಗುಡ್ಡದ ಬುಡದಲ್ಲಿದ್ದರು. ಜೊತೆಗೆ, ತನ್ನಿಂದಲೇ ಇದೆಲ್ಲ ಶುರುವಾದದ್ದೆಂದು ಹೇಳಿಕೊಂಡು ಬಂದ ಭಾವಮೈದುನ. ಅವನಿಗೆ ಅರವತ್ತನೆಯ ಮೆಟ್ಟಿಲಿನಲ್ಲಿ ಬೂಟು ಕಚ್ಚಿತು, ಅಲ್ಲೇ ಕೂತ. ರಾಯರು ಒಂದೇ ಸಮನೆ ಹತ್ತಿದರು. ಹಿಂದೊಮ್ಮೆ ಕೂತಿದ್ದ ಜಾಗ ಯಾವಾಗ ದಾಟಿತೋ ಅವರಿಗೆ ಗಮನವೇ ಇರಲಿಲ್ಲ. ಇನ್ನೂರು, ಇನ್ನೂರ ಐವತ್ತು. ಮೇಲೆ ಬಿಳಿಯ ಪುಟ್ಟ ಕಟ್ಟಡ ಕಂಡಿತು, ಬಾಗಿಲಲ್ಲಿ ಮಗಳು ಕಂಡಳು. ಇನ್ನೂರ ತೊಂಬತ್ತೇಳನೆಯ ಮೆಟ್ಟಿಲಿನ ಮೇಲೆ ರಾಯರು ನಿಂತರು. ನಿಂತು, ತಿರುಗಿದರು.

"ರೀ, ಎಲ್ಲಿಗೆ?" ಅಂದಳು ಹೆಂಡತಿ.

"ಇವತ್ತಿಗೆ ಇಷ್ಟೇ ಕಣೇ."

"ಇನ್ನು ಹದಿನೈದೇ ಮೆಟ್ಟಿಲು ಇದೆ, ಕಣ್ಣು ಕಾಣ್ಸುತ್ತೋ ಇಲ್ವೋ ನಿಮಗೆ? ಮಗಳು ಅಲ್ಲೇ ನಿಂತಿದಾಳೆ."

"ಕಾಣ್ಸುತ್ತೆ. ಹದಿನೈದು ದಿನ" ಅಂದರು ರಾಯರು.

ಹೆಂಡತಿ ತಲೆಯ ಮೇಲೆ ಕೈಹೊತ್ತು ಕೂತಳು. ಮಗಳು ದಡದಡ ಇಳಿದು ಬಂದಳು. ರಾಯರ ಕಣ್ಣಲ್ಲಿ ನೀರಿತ್ತು, ಆದರೂ ಕಾಲು ಜಗ್ಗಲಿಲ್ಲ. "ನೋಡಮ್ಮಾ, ಕಾಲಲ್ಲಿ ಶಕ್ತಿ ಇದೆ. ಹತ್ತಬಹುದು. ಆದ್ರೆ ಜೀವನದಲ್ಲಿ ನಾನು ಒಂದೇ ಸಲಕ್ಕೆ ಹಾರೋಕೆ ಹೋಗಿದ್ದೆಲ್ಲಾ ನಡುವೇನೇ ನಿಂತೋಯ್ತು. ನಿಲ್ದೇ ಬಂದಿರೋದು ಇದೊಂದೇ. ಇದನ್ನ ಇದರ ದಾರೀಲೇ ಮುಗಿಸ್ಬೇಕು ಅಂತ ಆಸೆ. ನೀನು ಸೋಮವಾರ ಹೋಗ್ಲೇಬೇಕು ಅಂದ್ರೆ ಹೋಗು, ನಂಗೆ ಬೇಜಾರಿಲ್ಲ." ಬೇಜಾರಿತ್ತು. ಧ್ವನಿ ಒಡೆದದ್ದರಲ್ಲೇ ಅದು ಗೊತ್ತಾಗುತ್ತಿತ್ತು.

"ನೀನಾದ್ರೂ ಬುದ್ಧಿ ಹೇಳೇ ನಿಮ್ಮಪ್ಪನಿಗೆ" ಅಂದಳು ತಾಯಿ.

ಮಗಳು ಅಪ್ಪನನ್ನು ನೋಡಿದಳು, ಮೇಲಿನ ಮೆಟ್ಟಿಲುಗಳನ್ನು ನೋಡಿದಳು. ಒಂದೂವರೆ ವರ್ಷ ದಿನಕ್ಕೆ ನಾಲ್ಕು ಸಲ ತಪ್ಪದೆ ಬರೆದವಳು ಅವಳು. "ಅಮ್ಮಾ, ನಾಳೆಯ ಬಿಸಿಲನ್ನ ಇವತ್ತೇ ಬರೆಯೋಕಾಗಲ್ಲ" ಅಂದಳು. ಅಲ್ಲೇ ಮೆಟ್ಟಿಲಿನ ಮೇಲೆ ನಿಂತು ಕೇಂದ್ರ ಕಚೇರಿಗೆ ಫೋನು ಹಚ್ಚಿದಳು.

"ಸಾರ್, ನನ್ನನ್ನ ಇಲ್ಲಿಂದ ಬಿಡುಗಡೆ ಮಾಡೋದನ್ನ ಹದಿನೈದು ದಿನ ಮುಂದಕ್ಕೆ ಹಾಕ್ಬೇಕು. ನಮ್ಮ ತಂದೆ ನನ್ನ ಜಾಗ ನೋಡೋಕೆ ಬರ್ತಿದಾರೆ. ದಾರೀಲಿದಾರೆ."

"ಹದಿನೈದು ದಿನದ ದಾರೀನಾ? ಯಾವ ದೇಶದಿಂದಮ್ಮಾ ಬರ್ತಿರೋದು?"

"ಇನ್ನೂರ ತೊಂಬತ್ತೇಳನೇ ಮೆಟ್ಟಿಲಿಂದ ಸಾರ್."

ಆ ಕಡೆಯ ಸಾಹೇಬರು ವಿವರ ಕೇಳಿದರು. ಅವಳು ಹೇಳಿದಳು. ಕೇಳಿದ ಮೇಲೆ ಆ ಸಾಹೇಬರು, "ಸರಿ, ಬರ್ಲಿ. ಅವಸರ ಮಾಡ್ಬೇಡಿ ಅಂತ ಹೇಳಮ್ಮಾ" ಎಂದಷ್ಟೇ ಹೇಳಿ ಫೋನಿಟ್ಟರು. ರಾಯರ ದೊಡ್ಡ ಸಾಹೇಬರೂ ರಜೆ ಕೊಟ್ಟರು. ಅರ್ಜಿಯ ಕೆಳಗೆ, 'ಇಪ್ಪತ್ತು ದಿನ ನಮ್ಮಿಂದಲೇ ತಡವಾಗಿದೆ' ಎಂದು ತಮ್ಮ ಕೈಯಿಂದ ಬರೆದರು.

ಗಂಡಹೆಂಡತಿ ಗುಡ್ಡದ ಬುಡದ ಚಹಾದಂಗಡಿಯ ಹಿಂದಿನ ಕೋಣೆಯಲ್ಲಿ ಉಳಿದರು. ದಿನವೂ ಬೆಳಿಗ್ಗೆ ರಾಯರು ಹತ್ತುವರು; ಮಗಳು ಮೇಲೆ ಬಾಗಿಲಲ್ಲಿ ಬಂದು ನಿಲ್ಲುವಳು. ಹದಿನಾಲ್ಕು ಮೆಟ್ಟಿಲಿನ ದೂರದಿಂದ ಮಾತಾಡುವರು, ಮರುದಿನ ಹದಿಮೂರರ ದೂರದಿಂದ. ಮೊದಮೊದಲು ಕೂಗಿ ಆಡುತ್ತಿದ್ದ ಮಾತು ಬರಬರುತ್ತ ಮೆಲ್ಲಗಾಯಿತು. ಕೊನೆಯ ದಿನ ಚಹಾದಂಗಡಿಯವನು ಅಂಗಡಿ ಮುಚ್ಚಿ ಅವರ ಹಿಂದೆಯೇ ಹತ್ತಿದ. ಭಾವಮೈದುನ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಿನಲ್ಲಿ ಹತ್ತಿದ.

ಮುನ್ನೂರ ಹನ್ನೆರಡನೆಯ ಮೆಟ್ಟಿಲಿನ ಮೇಲೆ ಎರಡೂ ಕಾಲಿಟ್ಟು ನಿಂತು, ರಾಯರು ಮುಂದಿನದಕ್ಕಾಗಿ ನೆಲ ನೋಡಿದರು.

"ಇನ್ನಿಲ್ಲಪ್ಪಾ. ಮುಗೀತು" ಅಂದಳು ಮಗಳು.

"ಮುಗೀತಾ?" ಅಂದರು ರಾಯರು. ಮುಗಿದ ಮೇಲೆ ಏನು ಮಾಡಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಸುಮ್ಮನೆ ನಿಂತು ಅತ್ತುಬಿಟ್ಟರು. ಮಗಳು ಕೈಹಿಡಿದು ಒಳಗೆ ಕರೆದುಕೊಂಡು ಹೋದಳು. ಮೇಜು ತೋರಿಸಿದಳು, ಡ್ರಾಯರುಗಳನ್ನು ಒಂದೊಂದಾಗಿ ಎಳೆದು ತೋರಿಸಿದಳು, ತಾನು ಕೂರುವ ಕುರ್ಚಿಯಲ್ಲಿ ಅವರನ್ನು ಕೂರಿಸಿದಳು. ಹತ್ತು ಗಂಟೆಯಾಯಿತು, ಬರೆಯುವ ಹೊತ್ತು. ಅಪ್ಪನ ಮುಂದೆಯೇ ಪುಸ್ತಕ ಬಿಚ್ಚಿ ಬರೆದಳು: 'ಆಕಾಶ ನಿರ್ಮಲ. ಗಾಳಿ ಮಂದ, ಪಡುವಣ ದಿಕ್ಕಿನಿಂದ. ಅಪ್ಪ ಬಂದರು.'

ಆ ಪುಸ್ತಕದಲ್ಲಿ ಹವಾಮಾನವಲ್ಲದೆ ಬೇರೇನನ್ನೂ ಬರೆಯಕೂಡದು ಎಂಬ ಕಟ್ಟುನಿಟ್ಟಿನ ನಿಯಮವಿದೆ. ಕೇಂದ್ರ ಕಚೇರಿಯಲ್ಲಿ ಅದನ್ನು ಪರಿಶೀಲಿಸಿದ ಸಾಹೇಬರು ಆ ಸಾಲನ್ನು ಎರಡು ಸಲ ಓದಿ, ಪಕ್ಕದಲ್ಲಿ ಸರಿ ಎಂದು ಗುರುತು ಹಾಕಿ, ಮುಂದಿನ ಪುಟ ತಿರುಗಿಸಿದರಂತೆ.